ಹುಲ್ಲು ತುಂಬಿದ ಕರು

ಫೆಬ್ರುವರಿ ೩, ಸೋಮವಾರ

ದಂಡ ಐನೂರು. ಬಸ್ಕಿ ಸಾವಿರ.

ದಿನಾ ಎಷ್ಟು ದಂಡ, ಬಸ್ಕಿಯ ಸಾಮು ಮಾಡಿದೆ, ಏನು ತಿಂದೆ ಅಂತ ಬರೆದಿಡು ಎಂದು ಗರಡಿಯ ಉಸ್ತಾದ್ ಪಾಲಾಕ್ಷಪ್ಪನವರು ಹೇಳಿದ್ದಕ್ಕೆ, ಬೀಜದ ಅಂಗಡಿಯವರು ಪುಕ್ಕಟೆ ಕೊಟ್ಟ ಈ ಡೈರಿಯಲ್ಲಿ ಒಂದು ತಿಂಗಳಿಂದ ಒಂದೊಂದು ಸಾಲು ಗೀಚುತ್ತಿದ್ದೆ. ಇವತ್ತು ಒಂದು ಸಾಲಿನಲ್ಲಿ ಮುಗಿಯುವುದಿಲ್ಲ. ಯಾರ ಮುಂದಾದರೂ ಹೇಳೋಣವೆಂದರೆ ಪೈಲ್ವಾನ್ ಹುಲುಗೇಶನಿಗೆ ತಲೆ ತಿರುಗಿದೆ ಅಂತ ಸಂಜೆಯೊಳಗೆ ಕೊಟ್ಟೂರಿಗೆಲ್ಲ ಗೊತ್ತಾಗುತ್ತದೆ.

ನಿನ್ನೆ ನಮ್ಮ ಎಮ್ಮೆಯ ಕರು ಸತ್ತಿತು. ಇಪ್ಪತ್ತು ದಿನದ ಗಂಡುಗರು. ಅವ್ವ ತೊಗಲು ಬಿಡಿಸುವವನನ್ನು ಕರೆಸಿದಳು. ಅವನು ಹಿತ್ತಲಲ್ಲಿ ಕೂತು ಬೀಡಿ ಸೇದುತ್ತಲೇ ಕತ್ತಿನಿಂದ ಬಾಲದವರೆಗೆ ಸೀಳಿ, ಅಂಗಿ ಕಳಚಿದಂತೆ ತೊಗಲು ಕಳಚಿ, ಉಪ್ಪು ತಿಕ್ಕಿ, ಒಳಗೆ ಹುಲ್ಲು ತುರುಕಿ ಗೋಣಿ ದಾರದಿಂದ ಹೊಲಿದ. ಕಾಲುಗಳಿಗೆ ನಾಲ್ಕು ಕೋಲು ಕೊಟ್ಟ. ಕಣ್ಣಿದ್ದ ಕಡೆ ಎರಡು ತೂತು ಉಳಿದವು. ಮುಂದೆ ಕರು ಇಲ್ಲದಿದ್ದರೆ ಎಮ್ಮೆ ಹಾಲು ಇಳಿಸುವುದಿಲ್ಲ, ಅದಕ್ಕೆ ಈ ಉಪಾಯ. ನಮ್ಮ ಕಡೆ ಹೊಸದೇನಲ್ಲ, ಚಿಕ್ಕಂದಿನಿಂದ ನೋಡಿದ್ದೇನೆ.

ಇವತ್ತು ಬೆಳಗ್ಗೆ ಅವ್ವ ಆ ಗೊಂಬೆಯನ್ನು ಎಮ್ಮೆಯ ಮುಂದೆ ನಿಲ್ಲಿಸಿದಳು. ಎಮ್ಮೆ ಮೂಸಿತು. ನೆಕ್ಕಿತು. ಹೊಲಿಗೆ ಹಾಕಿದ ಹೊಟ್ಟೆಯನ್ನೂ ನೆಕ್ಕಿತು. ಹಾಲು ಇಳಿಯಿತು. ಅವ್ವ ಹಿಂಡಿ, ನೊರೆ ಸಮೇತ ತಂಬಿಗೆ ತಂದು ಕೈಗಿಟ್ಟಳು. ಒಂದೇ ಗುಟುಕಿಗೆ ಕುಡಿದೆ. ಹೊಸ್ತಿಲು ದಾಟುವಷ್ಟರಲ್ಲಿ ಅಷ್ಟೂ ವಾಂತಿಯಾಯಿತು.

ಲೆಕ್ಕ ಸರಳ. ಯುಗಾದಿ ಮರುದಿನ, ಮಾರ್ಚ್ ೩೧ಕ್ಕೆ, ಹಲವಾಗಲು ಹೊಳೆದಂಡೆಯಲ್ಲಿ ಹಡಗಲಿಯ ಬಸವೇಶನ ಜೊತೆ ನನ್ನ ಕುಸ್ತಿಯ ಜೋಡಿ ಗೊತ್ತಾದ ಮೇಲೆ ಉಸ್ತಾದರು ನನ್ನ ಹಾಲನ್ನು ದಿನಕ್ಕೆ ಮೂರು ಲೀಟರಿಗೆ ಏರಿಸಿದರು. ಎಮ್ಮೆ ಕೊಡುವುದೇ ನಾಲ್ಕು. ಒಂದು ಸೊಸೈಟಿಗೆ. ಕರುವಿಗೆ ಉಳಿದದ್ದು ಖಾಲಿ ಮೊಲೆ. ಹಾಲು ಕುಡಿದರೆ ಯಾವ ಪ್ರಾಣಿ ಸಾಯುತ್ತದೆ ಎಂದು ನಾನೇ ಎಷ್ಟೋ ಜನರ ಹತ್ತಿರ ವಾದ ಮಾಡಿದ್ದೆ. ನಮ್ಮ ಹಿತ್ತಲಲ್ಲೇ ಸತ್ತಿತು, ಕೊಂದವನು ನಾನು.

ಇವತ್ತಿನಿಂದ ಹಾಲು, ಮೊಸರು, ತುಪ್ಪ, ತತ್ತಿ, ಕುರಿ, ಕೋಳಿ ಎಲ್ಲ ಬಂದ್.

ಫೆಬ್ರುವರಿ ೫, ಬುಧವಾರ

ದಂಡ ಇಲ್ಲ. ಬಸ್ಕಿ ಇಲ್ಲ.

ಗರಡಿಯಲ್ಲಿ ಹೇಳಿದೆ. ಉಸ್ತಾದರು ಮೊದಲು ನಕ್ಕರು. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ಮೂಲೆಯಲ್ಲಿದ್ದ ಬೆತ್ತ ತೆಗೆದುಕೊಂಡು ಬೆನ್ನ ಮೇಲೆ ಬಾರಿಸಿದರು. ಏಳು ಏಟು. ಕೈ ಕಟ್ಟಿ ನಿಂತಿದ್ದೆ. ಬಾಸುಂಡೆಗಳ ಮೇಲೆ ಅಂಗಿ ತಾಗಿದರೆ ಈಗಲೂ ಉರಿಯುತ್ತಿದೆ.

"ಹಾಲು ಬಿಟ್ಟು ಯಾವನರ ಪೈಲ್ವಾನ ಆಗ್ಯಾನೇನಲೇ? ಆ ಬಸವೇಶ ದಿನಾ ಮೂವತ್ತು ತತ್ತಿ ಕುಡಿತಾನ. ನೀ ಸೊಪ್ಪು ತಿಂದು ಅವನ ಮುಂದ ನಿಂತ್ರ ಎಲುಬು ಆರಿಸ್ಕೆಂಡು ಬರಬೇಕಾಕ್ಕೈತಿ" ಎಂದರು.

ಕೊನೆಗೆ ಒಂದು ಮಾತಿಗೆ ಬಂದರು. ಬಸವೇಶನನ್ನು ನಾನು ಚಿತ್ ಮಾಡಿದರೆ ಈ ಗರಡಿಯಲ್ಲಿ ಇನ್ನು ಯಾರೂ ನನ್ನ ಊಟದ ಬಗ್ಗೆ ಬಾಯಿ ಬಿಡುವಂತಿಲ್ಲ. ಸೋತರೆ ಎಲ್ಲರ ಮುಂದೆ ಕುಸ್ತಿ ಆಡುವ ಮಟ್ಟಿಯಲ್ಲಿ ಕೂತು ಹಾಲು ಕುಡಿಯಬೇಕು, ಇಲ್ಲವೆಂದರೆ ಮತ್ತೆ ಗರಡಿಯ ಬಾಗಿಲು ತುಳಿಯಬಾರದು. ಒಪ್ಪಿದೆ. ಅಪ್ಪ ಸತ್ತಾಗ ನನಗೆ ಹದಿನಾರು. ಆಗಿನಿಂದ ಹನ್ನೊಂದು ವರ್ಷ ಈ ಕೆಂಪು ಮಣ್ಣಿನಲ್ಲಿ ಹೊರಳಿ ಮನುಷ್ಯನಾಗಿದ್ದೇನೆ. ಇಲ್ಲಿಂದ ಹೊರಗೆ ಹಾಕಿದರೆ ನಾನು ಎಪಿಎಂಸಿ ಯಾರ್ಡಿನಲ್ಲಿ ಚೀಲ ಹೊರುವ ಒಬ್ಬ ಹಮಾಲಿ, ಅಷ್ಟೇ.

ಮೊಬೈಲಿನಲ್ಲಿ ಒಬ್ಬ ಸ್ವಾಮಿಗಳು ಹೇಳುತ್ತಿದ್ದರು: ಪ್ರಾಣಿಯದ್ದು ಏನನ್ನೂ ಹೊಟ್ಟೆಗೆ ಹಾಕದವನಲ್ಲಿ ಸಿಟ್ಟು ಹುಟ್ಟುವುದೇ ಇಲ್ಲವಂತೆ. ನನ್ನ ಸಿಟ್ಟು ಓಣಿಗೇ ಗೊತ್ತು. ಅದೂ ಹೋಗಲಿ. ಇನ್ನು ಮೇಲೆ ದಿನಾ ಅದನ್ನೂ ಬರೆಯುತ್ತೇನೆ.

ಸಿಟ್ಟು: ಇಲ್ಲ.

ಫೆಬ್ರುವರಿ ೧೧, ಮಂಗಳವಾರ

ದಂಡ ಆರುನೂರು. ಬಸ್ಕಿ ಸಾವಿರದ ಇನ್ನೂರು.

ತಿಂದದ್ದು: ಎಂಟು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಳಕೆ ಬಂದ ಹುರುಳಿಕಾಳು, ನವಣೆ ಅನ್ನ, ಪುಂಡಿಪಲ್ಯ, ಬೆಲ್ಲ. ಇದನ್ನೆಲ್ಲ ನಮ್ಮಜ್ಜ ಜೀವಮಾನವಿಡೀ ತಿಂದಿದ್ದ. ಹಾಲು ಮಾರುತ್ತಿದ್ದನೇ ಹೊರತು ಕುಡಿಯುವ ಯೋಗ ಅವನಿಗೆಲ್ಲಿತ್ತು? ಆದರೂ ಜನರಿಗೆ ನಾನು ಬರೀ ಸೊಪ್ಪು ತಿನ್ನುವವನು. ಒಬ್ಬ ಲಿಂಗ ಕಟ್ಟಿಸಿಕೊಂಡೆಯಾ ಅನ್ನುತ್ತಾನೆ, ಇನ್ನೊಬ್ಬ ಯಾರೋ ಮದ್ದು ಹಾಕಿದ್ದಾರೆ ಅನ್ನುತ್ತಾನೆ, ಮತ್ತೊಬ್ಬ ದೊಡ್ಡ ಮನುಷ್ಯರ ಶೋಕಿ ಕಲಿತಿದ್ದಾನೆ ಅನ್ನುತ್ತಾನೆ. ಎರಡು ವಾರಕ್ಕೊಮ್ಮೆ ಕೋಳಿ ಕಾಣುವವರು ನನಗೆ ಶಕ್ತಿಯ ಪಾಠ ಹೇಳುತ್ತಾರೆ.

ಯಾರ್ಡಿನಲ್ಲಿ ಇವತ್ತು ಮೆಕ್ಕೆಜೋಳದ ಲಾರಿ ತುಂಬುತ್ತಿದ್ದೆವು. ಜೊತೆಯ ಹಮಾಲಿಯೊಬ್ಬ ನನ್ನ ಬಾಯಿಯ ಹತ್ತಿರ ಒಂದು ಹಿಡಿ ಹಸಿ ಹುಲ್ಲು ಹಿಡಿದು ಎಮ್ಮೆಯನ್ನು ಕರೆಯುವಂತೆ ಕರೆದ. ಎಲ್ಲರೂ ನಕ್ಕರು. ಅವನನ್ನು ಸೊಂಟಕ್ಕೆ ಹಿಡಿದು ಎತ್ತಿ ಚೀಲದ ರಾಶಿಯ ಮೇಲೆ ಒಗೆದೆ. ರಾಶಿ ಜಾರಿ ಎರಡು ಚೀಲ ಅವನ ಮೇಲೆ ಬಿದ್ದವು. ಹೊರಗೆ ಎಳೆದಾಗ ತುಟಿ ಸೀಳಿತ್ತು, ಒಂದು ಹಲ್ಲು ಕೈಗೆ ಬಂತು. ಆ ಹುಲ್ಲನ್ನು ಅವನ ಬಾಯಿಗೇ ತುರುಕಿ ಬಂದೆ.

ಮನಸ್ಸು ತಣ್ಣಗಿತ್ತು. ಮೊದಲಾಗಿದ್ದರೆ ಮೈ ನಡುಗುತ್ತಿತ್ತು.

ಸಿಟ್ಟು: ಇಲ್ಲ.

ಫೆಬ್ರುವರಿ ೧೯, ಬುಧವಾರ

ದಂಡ ಏಳುನೂರು. ಬಸ್ಕಿ ಸಾವಿರದ ಐನೂರು.

ನನ್ನಂಥವರಿಗೆ ಇಂಗ್ಲಿಷಿನಲ್ಲಿ ಹೆಸರೇ ಇದೆಯಂತೆ. ಅಕೀಲ ಮೊಬೈಲಿನಲ್ಲಿ ಹುಡುಕಿ ತೋರಿಸಿದ. "ಲೇ ಹುಲುಗ್ಯಾ, ನಿಂಗ ವೀಗನ್ ಅಂತಾರಂತ ನೋಡು. ಇಂಥ ಪೈಲ್ವಾನರು, ಓಡೋರು, ಭಾರ ಎತ್ತೋರು ದೇಶದ ತುಂಬ ಅದಾರ. ಉಸ್ತಾದ್ರಿಗೆ ತೋರಸೋಣೇನು?" ಎಂದ. ಬೇಡವೆಂದೆ. ಮೊಬೈಲ್ ತೋರಿಸಿ ಗೆಲ್ಲುವ ಮಾತಲ್ಲ ಇದು.

ಅಕೀಲ ಬಸ್‌ಸ್ಟ್ಯಾಂಡ್ ಹಿಂದೆ ಬೈಕ್ ರಿಪೇರಿ ಮಾಡುತ್ತಾನೆ. ಒಂದೇ ದಿನ ಇಬ್ಬರೂ ಗರಡಿಗೆ ಸೇರಿದವರು, ಹನ್ನೊಂದು ವರ್ಷದಿಂದ ದಿನಾ ಬೆಳಗ್ಗೆ ನನ್ನ ಜೋಡಿ ಅವನೇ. ಊರಲ್ಲಿ ನನ್ನನ್ನು ಹಂಗಿಸದವನು ಅವನೊಬ್ಬನೇ. ನಾನು ನಿನ್ನ ಥರ ಬಿಡೋದಿಲ್ಲ, ಆದರೆ ನೀನು ಬಿಟ್ಟಿದ್ದಕ್ಕೆ ಕಾರಣ ಇದೆ ಎಂದ. ಅವರಮ್ಮ ಫಕೀರಬಿ ಹುರಿದ ಶೇಂಗಾ ಬೆಲ್ಲ ಕುಟ್ಟಿ ಉಂಡೆ ಕಟ್ಟಿ ಕಳಿಸಿದ್ದಾಳೆ. ತುಪ್ಪ ಹಾಕಿಲ್ಲ ಅಂತ ಮೂರು ಸಲ ಹೇಳಿ ಕಳಿಸಿದ್ದಾಳೆ.

ಅವ್ವನದೇ ಕಾಟ. ಎದುರಿಗೆ ಕೂತು ನನ್ನ ತೋಳು ಮುಟ್ಟಿ ಮುಟ್ಟಿ ನೋಡುತ್ತಾಳೆ, ಅಳುತ್ತಾಳೆ. ಓಣಿಯ ಹೆಂಗಸರು ಹಾಲಿಲ್ಲದ ಮೈ ಒಳಗೊಳಗೇ ಟೊಳ್ಳಾಗುತ್ತದೆ, ಒಂದು ದಿನ ಕಣದಲ್ಲೇ ಬೀಳುತ್ತಾನೆ ಎಂದು ತಲೆ ತುಂಬಿದ್ದಾರೆ. ಇವತ್ತು ಊಟದ ತಾಟು ಗೋಡೆಗೆ ಒಗೆದು ಎದ್ದು ಬಂದೆ. ಅವಳು ಅಳುವುದು ನಿಲ್ಲಿಸಲಿ ಅಂತ ಅಷ್ಟೇ. ನಿಲ್ಲಿಸಿದಳು.

ಸಿಟ್ಟು: ಇಲ್ಲ.

ಫೆಬ್ರುವರಿ ೨೭, ಗುರುವಾರ

ದಂಡ ಎಂಟುನೂರು. ಬಸ್ಕಿ ಎರಡು ಸಾವಿರ.

ಇವತ್ತು ಮಾಡಿದ್ದು ಒಳ್ಳೆಯ ಕೆಲಸ. ಯಾರ್ಡಿನ ಗೇಟಿನ ಹತ್ತಿರ ಒಬ್ಬ ಗಾಡಿಯವನು ಭಾರ ಏರಿಸಿ ಎತ್ತು ಎಳೆಯದಿದ್ದಕ್ಕೆ ತುದಿಗೆ ಮೊಳೆ ಹೊಡೆದ ಕೋಲಿನಿಂದ ಅದರ ತೊಡೆಗೆ ಚುಚ್ಚುತ್ತಿದ್ದ. ರಕ್ತ ಗೊರಸಿನವರೆಗೆ ಇಳಿದಿತ್ತು. ಕೋಲು ಕಸಿದುಕೊಂಡು ಅವನ ತೊಡೆಗೇ ಚುಚ್ಚಿದೆ. ಮೊದಲ ಸಲ ಕೂಗಿದ. ಎರಡನೆಯದಕ್ಕೆ ಕೈಮುಗಿದ. ಮೂರನೆಯದು ಎಲುಬಿಗೆ ತಾಗಿತು, ಅದು ಕೈಗೆ ಗೊತ್ತಾಗುತ್ತದೆ. ಆಮೇಲೆ ಎಷ್ಟು ಸಲವೋ ಎಣಿಸಲಿಲ್ಲ. ನಾಲ್ಕು ಜನ ಹಿಡಿದು ಎಳೆದರು.

ಅರವತ್ತು ದಾಟಿದ ಮುದುಕ ಕಣೋ ಎಂದು ಯಾರೋ ಬೈದರು. ಎತ್ತಿನ ವಯಸ್ಸು ಯಾರು ಕೇಳಿದರು? ಕೊರಳ ಹಗ್ಗ ಬಿಚ್ಚಿ ನೀರು ಕುಡಿಸಿದೆ. ಮುಖ ನನ್ನ ಎದೆಗೆ ಒರಸಿತು. ಅಕೀಲನಿಗೆ ಹೇಳಿದರೆ ಅವನು ಖುಷಿಪಡಲಿಲ್ಲ. ಆ ಮುದುಕನಿಗೆ ಏನಾಯಿತು ಎಂದು ಕೇಳಿದ. ನನಗೇನು ಗೊತ್ತು.

ಸಿಟ್ಟು: ಇಲ್ಲ. ಅದು ಸಿಟ್ಟಲ್ಲ, ನ್ಯಾಯ.

ಮಾರ್ಚ್ ೪, ಮಂಗಳವಾರ

ದಂಡ ಸಾವಿರ. ಬಸ್ಕಿ ಎರಡು ಸಾವಿರ.

ರೊಟ್ಟಿ ಎರಡು ದಿನದಿಂದ ಮೆತ್ತಗೆ ಬರುತ್ತಿದೆ. ಹೊಸ ಜೋಳ ಇರಬೇಕು. ಹನ್ನೆರಡು ತಿಂದೆ. ಅವ್ವ ಎದುರಿಗೆ ಕೂತು ನೋಡುತ್ತಿದ್ದಳು, ಅಳಲಿಲ್ಲ.

ಸಿಟ್ಟು: ಇಲ್ಲ.

ಮಾರ್ಚ್ ೮, ಶನಿವಾರ

ದಂಡ ಸಾವಿರ. ಬಸ್ಕಿ ಎರಡು ಸಾವಿರದ ಐನೂರು.

ರೊಟ್ಟಿ ಮತ್ತೆ ಖಡಕ್. ಹಲ್ಲಿಗೆ ಕೆಲಸ. ಯಾಕೆಂದು ಕೇಳಿದರೆ ಅವ್ವ ಹಿಟ್ಟು ಬದಲಾಯಿತು ಎಂದಳು. ಪರವಾಗಿಲ್ಲ. ತೂಕ ಎಂಬತ್ತಾರು ಇದ್ದದ್ದು ಎಂಬತ್ತಾರೇ ಇದೆ. ಉಸ್ತಾದರು ಕುತ್ತಿಗೆ ಹಿಡಿದು ನೋಡಿ ಹೋದರು.

ಸಿಟ್ಟು: ಇಲ್ಲ.

ಮಾರ್ಚ್ ೧೪, ಶುಕ್ರವಾರ

ಅಕೀಲನ ಭುಜ ಜಾರಿತು.

ಬರೆಯಬೇಕೋ ಬೇಡವೋ ಅಂತ ಎರಡು ಸಲ ಡೈರಿ ಮುಚ್ಚಿಟ್ಟೆ. ಬರೆಯುತ್ತೇನೆ. ಅವನಿಗೆ ಈಗ ರೋಜಾ. ಹೊತ್ತು ಹುಟ್ಟುವ ಮುಂಚೆ ಉಂಡು, ದಿನವಿಡೀ ನೀರು ಸಹ ಮುಟ್ಟದೆ ಇದ್ದರೂ ನನಗೋಸ್ಕರ ಬೆಳಗ್ಗೆ ಗರಡಿಗೆ ಬರುತ್ತಾನೆ. ಹಡಗಲಿ ಬಸವೇಶ ಎಡಗೈ ಪಟ್ಟಿನಲ್ಲಿ ಗಟ್ಟಿ, ಅದನ್ನು ಬಿಡಿಸುವುದು ನಾನು ಕಲಿಯಲಿ ಅಂತ ಅಕೀಲ ಬಸವೇಶನ ಥರ ಆಡುತ್ತಿದ್ದ. ಎರಡು ಸಲ ನನ್ನನ್ನು ಕೆಡವಿದ. ಎರಡನೆಯ ಸಲ ಕೆಡವಿ, ಮೈ ಮೇಲಿನ ಮಣ್ಣು ಝಾಡಿಸುತ್ತ, "ಮುದುಕರನ್ನ ಚುಚ್ಚಿದಂಗ ಅಲ್ಲಲೇ ಇದು" ಎಂದ. ಮೆಲ್ಲಗೇ ಹೇಳಿದ. ಬೇರೆ ಯಾರಿಗೂ ಕೇಳಿಸಲಿಲ್ಲ.

ಮುಂದಿನ ಪಟ್ಟಿಗೆ ಅವನ ಬಲಗೈ ಹಿಂದಕ್ಕೆ ಸಿಕ್ಕಿತು. ತಿರುಗಿಸಿದೆ. ಅವನು ಎಡಗೈಯಿಂದ ಮಣ್ಣು ತಟ್ಟಿದ. ಸೋತೆ, ಬಿಡು ಅಂತ ಅರ್ಥ. ತಟ್ಟಿದ್ದು ಕೇಳಿಸಿತು. ಇನ್ನೂ ಎರಡು ಸಲ ತಟ್ಟಿದ. ಪಟ್ಟು ಬಿಗಿಯಾಗಿತ್ತು, ಅಷ್ಟೇ. ಹಸಿ ಕಟ್ಟಿಗೆ ಮುರಿದಂತೆ ಸದ್ದಾಯಿತು. ಅಕೀಲ ಕೂಗಲಿಲ್ಲ, ಬಾಯಿ ತುಂಬ ಮಣ್ಣು ಕಚ್ಚಿಕೊಂಡಿದ್ದ.

ಉಸ್ತಾದರು ಓಡಿ ಬಂದು, ಅವನ ಕೈ ನೋಡುವ ಮೊದಲು ನನ್ನ ಮುಖ ನೋಡಿದರು. "ಈಗ ಪೈಲ್ವಾನ ಆದಿ ನೋಡಲೇ" ಎಂದರು. ಆಸ್ಪತ್ರೆಯಲ್ಲಿ ಭುಜ ಕೂಡಿಸಿದ್ದಾರೆ, ಎಲುಬಿನಲ್ಲಿ ಬಿರುಕೂ ಇದೆಯಂತೆ. ಎರಡು ತಿಂಗಳು ಸ್ಪಾನರ್ ಹಿಡಿಯುವಂತಿಲ್ಲ. ಕುಸ್ತಿಯಲ್ಲಿ ಆಗುವುದೇ, ಯಾರದೂ ತಪ್ಪಿಲ್ಲ ಎಂದು ಅಕೀಲನೇ ಎಲ್ಲರಿಗೂ ಹೇಳಿದನಂತೆ.

ಸಿಟ್ಟು: ಇಲ್ಲ.

ಮಾರ್ಚ್ ೨೩, ಭಾನುವಾರ

ದಂಡ ಸಾವಿರದ ಇನ್ನೂರು. ಬಸ್ಕಿ ಮೂರು ಸಾವಿರ.

ಅಕೀಲನ ಮನೆಗೆ ಹೋಗಬೇಕು ಅಂತ ಇದೆ. ಕುಸ್ತಿ ಮುಗಿಯಲಿ. ಗೆದ್ದು ಹೋದರೆ ಮಾತಾಡುವುದು ಸುಲಭ.

ಗರಡಿಯಲ್ಲಿ ಈಗ ನನ್ನ ಜೊತೆ ಮಟ್ಟಿಗೆ ಇಳಿಯಲು ಯಾರೂ ತಯಾರಿಲ್ಲ. ಕಂಬ ಅಪ್ಪಿಕೊಂಡು ಪಟ್ಟು ಹಾಕುತ್ತಿದ್ದೇನೆ. ಸಾಯಂಕಾಲ ಎಮ್ಮೆಯ ಮೈ ತೊಳೆದು, ಉಣ್ಣೆ ಆರಿಸಿದೆ. ಒಂದು ಉಣ್ಣೆಯನ್ನೂ ಸಾಯಿಸಲಿಲ್ಲ, ಬೇಲಿಯಾಚೆ ಬಿಟ್ಟು ಬಂದೆ. ಅವ್ವ ಅದನ್ನು ನೋಡಿ ಒಳಗೆ ಹೋದಳು. ಇತ್ತೀಚೆಗೆ ನಾನು ಒಳಗೆ ಬಂದರೆ ಅವಳ ಮಾತು ಕಡಿಮೆಯಾಗುತ್ತದೆ. ಮನೆ ಶಾಂತವಾಗಿದೆ.

ಸಿಟ್ಟು: ಇಲ್ಲ.

ಮಾರ್ಚ್ ೩೦, ಯುಗಾದಿ

ಬೇವು ಬೆಲ್ಲ ತಿಂದೆ. ತುಪ್ಪವಿಲ್ಲದ ಹೋಳಿಗೆ ಹತ್ತು. ನಾಳೆ.

ಮಾರ್ಚ್ ೩೧, ಸೋಮವಾರ

ಗೆದ್ದೆ.

ಹಲವಾಗಲಿನ ಹೊಳೆದಂಡೆಯ ಮರಳಿನ ಮೇಲೆ ಕೆಂಪು ಮಣ್ಣು ಹಾಕಿ ಕಣ ಮಾಡಿದ್ದರು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಎಲ್ಲ ಕಡೆಯ ಜನ. ನಾನು ಅಂಗಿ ಕಳಚಿದಾಗಲೇ ಹಡಗಲಿಯ ಕಡೆಯವರು ಮೇಯಿಸಲು ಕರೆತಂದಿರೇನು ಎಂದು ಕೂಗಿದರು. ಒಬ್ಬ ಕಣಕ್ಕೆ ಕೊತ್ತಂಬರಿ ಕಟ್ಟು ಎಸೆದ. ಬಸವೇಶ ಅದನ್ನು ಎತ್ತಿ ನನ್ನ ಕೈಗೆ ಕೊಟ್ಟು ನಕ್ಕ. ಒಳ್ಳೆಯ ನಗು, ಅದರಲ್ಲಿ ವಿಷ ಇರಲಿಲ್ಲ. ಈಗ ಅನ್ನಿಸುತ್ತಿದೆ.

ಆರು ನಿಮಿಷ ಅವನಿಗೆ ನನ್ನನ್ನು ಅಲ್ಲಾಡಿಸಲಾಗಲಿಲ್ಲ. ಏಳನೆಯ ನಿಮಿಷಕ್ಕೆ ಅವನ ಉಸಿರು ಬಾಯಿಗೆ ಬಂತು. ನನ್ನದು ಬರಲಿಲ್ಲ, ಇನ್ನೊಂದು ಗಂಟೆ ಆಡುವಷ್ಟಿತ್ತು. ಎಡಗೈ ಪಟ್ಟು ಹಾಕಲು ಬಂದ. ಅಕೀಲ ಕಲಿಸಿದ ಹಾಗೆಯೇ ಕೆಳಗೆ ಜಾರಿ, ಸೊಂಟಕ್ಕೆ ಎತ್ತಿ, ತಲೆ ಕೆಳಗಾಗಿ ಕುಕ್ಕಿದೆ. ಮೂಗು ಒಡೆದು ಮಣ್ಣು ಕಪ್ಪಾಯಿತು. ಬೆನ್ನು ನೆಲಕ್ಕೆ ಹತ್ತಿತು. ಪಂಚರು ಚಿತ್ ಎಂದು ಕೂಗಿದರು. ನಾನು ಎದೆಯ ಮೇಲೆ ಕೂತು ಮೊಣಕೈಯಿಂದ ಗಂಟಲು ಒತ್ತಿಯೇ ಇದ್ದೆ. ಎರಡನೆಯ ಸಲ ಕೂಗಿದರು. ಅವನ ಕಣ್ಣು ಮೇಲಾದವು. ಮೂರು ಜನ ಕೂದಲು ಹಿಡಿದು ಎಳೆದ ಮೇಲೆ ಎದ್ದೆ. ಅವನ ಬಾಯಿಂದ ರಕ್ತದ ಗುಳ್ಳೆ ಬರುತ್ತಿತ್ತು. ನೀರು ಹೊಡೆದು ಎಬ್ಬಿಸಿದರು. ಕೊತ್ತಂಬರಿ ಕಟ್ಟು ಅಲ್ಲೇ ಕಾಲಡಿ ಬಿದ್ದಿತ್ತು.

ಜನ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಹಾಲಿಲ್ಲದೆ, ತತ್ತಿಯಿಲ್ಲದೆ, ಐವತ್ತಾರು ದಿನ. ಇನ್ನು ಯಾರು ಬಾಯಿ ಬಿಡುತ್ತಾರೆ ನೋಡೋಣ.

ಇವತ್ತು ರಂಜಾನ್ ಹಬ್ಬವೂ ಹೌದು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅಕೀಲನ ಮನೆಗೆ ಹೋಗಲಿಲ್ಲ.

ಸಿಟ್ಟು: ಇಲ್ಲ.

ಏಪ್ರಿಲ್ ೧, ಮಂಗಳವಾರ

ಅವ್ವನ ಕೈ ಮುರಿದಿದೆ.

ಏಪ್ರಿಲ್ ೨, ಬುಧವಾರ

ನಿನ್ನೆ ಬೆಳಗ್ಗೆ ಉಸ್ತಾದರು ಗರಡಿಯವರನ್ನೆಲ್ಲ ಕರೆದುಕೊಂಡು ಮನೆಗೆ ಬಂದಿದ್ದರು. ಹಾರ ಹಾಕಿದರು. ಹುಲುಗೇಶ ತೋರಿಸಿಬಿಟ್ಟ, ಇನ್ನು ನನ್ನದೇನೂ ಮಾತಿಲ್ಲ ಎಂದು ಎಲ್ಲರ ಮುಂದೆ ಒಪ್ಪಿಕೊಂಡರು. ಅದಕ್ಕಿಂತ ದೊಡ್ಡದು ನನಗೆ ಏನೂ ಬೇಕಾಗಿರಲಿಲ್ಲ. ಅವ್ವ ಚಹಾದ ತಾಟು ಹಿಡಿದು ಒರಳಿನ ಹತ್ತಿರ ನಿಂತಿದ್ದಳು. ಖುಷಿ ಅವಳಿಗೂ. ಖುಷಿಯಲ್ಲಿ ಬಾಯಿ ಜಾರಿತು.

"ನಾನೂ ಅಂಜಿ ಸತ್ತಿದ್ನಿರಿ. ಇವನ ಮೈ ಇಳಿತೈತಿ ಅಂತ ರೊಟ್ಟಿ ಹಿಟ್ಟನ್ನ ಹಾಲಾಗ ಕಲಸಿದ್ನಿ. ಆದ್ರ..." ಎಂದಳು.

ಉಸ್ತಾದರು ಹೊಟ್ಟೆ ಹಿಡಿದು ನಕ್ಕರು. ಎಲ್ಲರೂ ನಕ್ಕರು. "ಅದಕ್ಕ ನಾ ಅಂತೀನಿ, ಶಕ್ತಿ ಎಲ್ಲಿಂದ ಬಂತಂತ" ಎಂದು ಯಾರೋ ನನ್ನ ಬೆನ್ನು ತಟ್ಟಿದರು. ಅವ್ವ ಇನ್ನೂ ಏನೋ ಹೇಳುತ್ತಿದ್ದಳು. ಕೇಳಲಿಲ್ಲ. ಬಲಗೈ ಎತ್ತಿ ಹೊಡೆದೆ. ಬೆರಳಲ್ಲ, ಪೂರಾ ಅಂಗೈ, ಯಾರ್ಡಿನಲ್ಲಿ ಚೀಲ ಎತ್ತುವ ಕೈ. ಅವ್ವ ಐವತ್ತು ಕೇಜಿ ಸಹ ಇಲ್ಲ. ಚಹಾದ ತಾಟು ಗೋಡೆಗೆ ಹೋಯಿತು, ಅವಳು ಒರಳಿನ ಮೇಲೆ ಹೋದಳು. ಎಡಗೈ ಕೆಳಗೆ ಸಿಕ್ಕಿತು. ಸದ್ದು ನನಗೆ ಗೊತ್ತಿದ್ದ ಸದ್ದೇ.

ಯಾರೂ ನನ್ನನ್ನು ಹಿಡಿಯಲಿಲ್ಲ. ದಾರಿ ಬಿಟ್ಟರು.

ಪಕ್ಕದ ಮನೆಯವರು ಅಕೀಲನಿಗೆ ಫೋನ್ ಮಾಡಿದ್ದರು. ಒಂದು ಕೈ ಕೊರಳಿಗೆ ಕಟ್ಟಿಕೊಂಡೇ ಆಟೋ ತಂದ. ದೊಡ್ಡವ್ವಾ ಏಳು ಎಂದು ಅವಳನ್ನು ಇನ್ನೊಂದು ಕೈಯಿಂದ ಎಬ್ಬಿಸಿ ಕೂರಿಸಿಕೊಂಡು ಹೋದ. ನನ್ನನ್ನು ಹತ್ತಿಸಿಕೊಳ್ಳಲಿಲ್ಲ. ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿ, ಸಂಜೆ ತಂದು ಬಿಟ್ಟು, ಬಾಗಿಲಲ್ಲಿ ನಿಂತ. ಹದಿನೆಂಟು ದಿನದ ಮೇಲೆ ಅವನ ಮುಖ ನೋಡುತ್ತಿದ್ದೆ. ತುಂಬ ಸೊರಗಿದ್ದಾನೆ.

"ನಂಗ ಮಾಡಿದ್ದು ಕುಸ್ತಿಯಾಗ ಆತು ಅಂತ ಊರಿಗೆಲ್ಲ ಹೇಳೀನಿ. ಇದಕ್ಕ ಏನಂತ ಹೇಳ್ಲಿ ಹೇಳು" ಎಂದ.

ಆಟೋ ಹತ್ತಿ ಹೋದ.

ಏಪ್ರಿಲ್ ೩, ಗುರುವಾರ

ಎಮ್ಮೆ ನಿನ್ನೆಯಿಂದ ಅರಚುತ್ತಿದೆ. ಪಕ್ಕದ ಮನೆಯವಳು ಹಿಂಡಲು ಹೋದರೆ ಬಕೆಟ್ಟಿಗೆ ಒದ್ದು ಅವಳನ್ನೂ ಕೆಡವಿತು. ಕೆಚ್ಚಲು ಕಲ್ಲಾಗಿದೆ.

ಮಧ್ಯಾಹ್ನ ನಾನೇ ಗಂಜಿ ಕಾಯಿಸಿ ಅವ್ವನ ಮುಂದಿಟ್ಟೆ. ಎಡಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿದೆ. ಬೈಯುತ್ತಾಳೆ ಎಂದು ಕಾದಿದ್ದೆ. ಬೈಯಲಿಲ್ಲ. ಗೋಡೆ ನೋಡಿಕೊಂಡು, ಮೊನ್ನೆ ಬಿಟ್ಟ ಮಾತನ್ನು ಅಲ್ಲಿಂದಲೇ ಹಿಡಿದು ಮುಗಿಸಿದಳು.

"ಐದು ದಿನ ಕಲಸಿದ್ನಿ. ಆರನೇ ದಿನ ಹಿಂಡಾಕ ಕುಂತಾಗ ಆ ಹುಲ್ಲಿನ ಕರಾ ಕಣ್ಣಿಗೆ ಬಿತ್ತು. ಎಮ್ಮಿಗೆ ಮಾಡಿದ್ದನ್ನ ಹೊಟ್ಟಿಲೆ ಹುಟ್ಟಿದ ಮಗಗೂ ಮಾಡಾಕತ್ತೀನಲ್ಲ ಅನ್ನಿಸ್ತು. ಅವತ್ತ ಬಿಟ್ಟೆ. ಆಮ್ಯಾಗಿಂದು ಎಲ್ಲಾ ನಿಂದ ಶಕ್ತಿ. ಅದನ್ನ ಹೇಳಾಕ ಹೊಂಟಿದ್ನಿ."

ಸುಳ್ಳಿರಬಹುದು, ನನ್ನನ್ನು ಸಮಾಧಾನ ಮಾಡಲು ಹೇಳುತ್ತಿರಬಹುದು ಅನ್ನಿಸಿತು. ಡೈರಿ ತೆಗೆದು ಹಿಂದಕ್ಕೆ ತಿರುಗಿಸಿದೆ. ಮಾರ್ಚ್ ೪: ರೊಟ್ಟಿ ಎರಡು ದಿನದಿಂದ ಮೆತ್ತಗೆ. ಮಾರ್ಚ್ ೮: ಮತ್ತೆ ಖಡಕ್. ನನ್ನ ಕೈಬರಹವೇ. ಅವಳು ಹೇಳಿದ್ದು ದಿನದ ಲೆಕ್ಕಕ್ಕೆ ಸರಿಯಾಗಿದೆ. ಅಂದರೆ ನನ್ನ ಮಾತೇ ನಿಜ. ಹಾಲಿಲ್ಲದೆ ಮೈ ಇಳಿಯಲಿಲ್ಲ, ಗೆಲುವು ನನ್ನದೇ, ಉಸ್ತಾದರಿಗೆ ಈ ಪುಟ ತೋರಿಸಿದರೆ ಇವತ್ತೇ ಬಾಯಿ ಮುಚ್ಚಬೇಕು. ಎದ್ದು ಅಂಗಿ ಹಾಕಿಕೊಂಡೆ ಕೂಡ. ಬಾಗಿಲವರೆಗೆ ಹೋಗಿ ವಾಪಸು ಬಂದು ಕೂತೆ. ಯಾರಿಗೆ ಬೇಕಾಗಿದೆ ಈಗ ಅದು?

ಪುಟ ತಿರುಗಿಸುತ್ತ ರೊಟ್ಟಿ ಒಂದನ್ನೇ ಹುಡುಕಲು ಆಗಲಿಲ್ಲ. ಉಳಿದದ್ದೂ ಕಣ್ಣಿಗೆ ಬಿತ್ತು. ಹಲ್ಲು. ಮುದುಕನ ತೊಡೆ. ಅಕೀಲ ಮೂರು ಸಲ ಮಣ್ಣು ತಟ್ಟಿದ್ದು. ಪ್ರತಿ ದಿನದ ಕೊನೆಗೆ ಅದೇ ಒಂದು ಮಾತು, ಒಂದೇ ಥರದ ಅಕ್ಷರದಲ್ಲಿ, ಶಾಲೆಯ ಹಾಜರಿ ಪುಸ್ತಕದ ಹಾಗೆ. ಇದನ್ನು ಬರೆದವನು ಎದುರಿಗೆ ಸಿಕ್ಕರೆ ಕೈಕಾಲು ಮುರಿಯುತ್ತೇನೆ ಅನ್ನಿಸಿತು. ಅನ್ನಿಸಿದ್ದೂ ಮುರಿಯಬೇಕು ಅಂತಲೇ ನೋಡು.

ಪೆನ್ನು ತೆಗೆದುಕೊಂಡು ಫೆಬ್ರುವರಿ ೫ರಿಂದ ಶುರು ಮಾಡಿ ಸಿಟ್ಟಿನ ಮುಂದೆ 'ಇಲ್ಲ' ಅಂತ ಇದ್ದಲ್ಲೆಲ್ಲ ಗೀಟು ಹೊಡೆದೆ.

ಏಪ್ರಿಲ್ ೪, ಶುಕ್ರವಾರ

ದಂಡ ಇಲ್ಲ. ಬಸ್ಕಿ ಇಲ್ಲ. ಗರಡಿಗೆ ಹೋಗಲಿಲ್ಲ.

ಬೆಳಗ್ಗೆ ಎಮ್ಮೆ ಅರಚುವ ಶಕ್ತಿಯನ್ನೂ ಬಿಟ್ಟಿತ್ತು. ಕೆಚ್ಚಲು ಕೆಂಪಾಗಿ ಬಿಸಿ ಹತ್ತಿತ್ತು. ಇನ್ನೊಂದು ಹೊತ್ತು ಬಿಟ್ಟರೆ ಬಾವು ಬರುತ್ತದೆ ಎಂದಳು ಅವ್ವ, ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ಕೂತು. ನಾನು ಬಕೆಟ್ ಹಿಡಿದು ಕೂತೆ. ಕರು ಬೇಡ, ಹಾಗೇ ಹಿಂಡುತ್ತೇನೆ ಎಂದೆ. ಬೆಲ್ಲ ತಿನ್ನಿಸಿದೆ, ಮೈ ಸವರಿದೆ, ಹೆಸರು ಹಿಡಿದು ಕರೆದೆ. ಒಂದು ಹನಿ ಇಳಿಯಲಿಲ್ಲ. ಒದ್ದಿತು, ಮೊಣಕಾಲಿಗೆ ಬಿತ್ತು. ಇನ್ನೊಮ್ಮೆ ಒದ್ದಿತು.

"ಕರಾ ತಂದು ಮುಂದ ನಿಲ್ಲಸಪ್ಪಾ" ಎಂದಳು ಅವ್ವ. "ಅದಕ್ಕ ಭಾಳ ನೋವಾಗೇತಿ."

ಮೂಲೆಯಿಂದ ಎತ್ತಿಕೊಂಡು ಬಂದೆ. ಎರಡು ತಿಂಗಳಲ್ಲಿ ಒಣಗಿ ಹಗುರವಾಗಿದೆ. ಒಂದು ಕಡೆ ಹೊಲಿಗೆ ಬಿಟ್ಟು ಹುಲ್ಲು ಹೊರಗೆ ಬಂದಿತ್ತು, ಬೆರಳಿನಿಂದ ಒಳಗೆ ತುರುಕಿದೆ. ಎಮ್ಮೆಯ ಮುಂದೆ ಹಿಡಿದೆ. ಅದು ಮೂಸಿತು, ನೆಕ್ಕಿತು, ಕರು ಹಿಡಿದಿದ್ದ ನನ್ನ ಕೈಯನ್ನೂ ನೆಕ್ಕಿತು. ಕರುವನ್ನು ಗೂಟಕ್ಕೆ ಆನಿಸಿ ನಿಲ್ಲಿಸಿ ಕೆಳಗೆ ಕೂತೆ. ಎರಡೂ ಕೈಯಲ್ಲಿ ಹಿಂಡಿದೆ. ಮೆತ್ತಗೆ, ಇನ್ನೂ ಮೆತ್ತಗೆ ಎಂದು ಅವ್ವ ಹೊಸ್ತಿಲಿಂದ ಹೇಳಿಕೊಡುತ್ತಿದ್ದಳು. ಮೊದಲು ಗಟ್ಟಿ ಗಟ್ಟಿ ಬಂತು, ರಕ್ತದ ಎಳೆಯೂ ಇತ್ತು, ಅದನ್ನು ಚೆಲ್ಲಿದೆ. ಆಮೇಲೆ ಹಾಲು ಬಂತು. ಅವಳ ಕೈ ಕೂಡಲು ಆರು ವಾರ ಬೇಕಂತೆ. ಅಲ್ಲಿಯವರೆಗೆ ಎರಡು ಹೊತ್ತೂ ಇದು ನನ್ನದೇ ಕೆಲಸ.

ನಾನು ಕುಡಿಯಲಿಲ್ಲ, ಕುಡಿಯುವುದೂ ಇಲ್ಲ. ಅವ್ವನ ಎಲುಬು ಕೂಡಲಿ ಅಂತ ಒಂದು ಲೋಟ ಕಾಯಿಸಿ ತಂದೆ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು. ಅವ್ವಾ ಎಂದು ಕರೆದು ಕೈ ಮುಂದೆ ಚಾಚಿದೆ. ಅವಳು ಬೆಚ್ಚಿ ಎರಡೂ ಕೈಯನ್ನು, ಪ್ಲಾಸ್ಟರಿನ ಕೈಯನ್ನೂ, ಮುಖಕ್ಕೆ ಅಡ್ಡ ಹಿಡಿದಳು. ಲೋಟ ನೋಡಿದ ಮೇಲೆ ನಿಧಾನಕ್ಕೆ ಇಳಿಸಿದಳು.

"ಅಲ್ಲೇ ಕೆಳಗ ಇಡಪ್ಪಾ" ಎಂದಳು. "ನಾ ತಗೊಂತೀನಿ."

ಕೆಳಗೆ ಇಟ್ಟು ಹಿಂದೆ ಸರಿದೆ.